ರಾಮನಗರದ ಶಾಸ್ತ್ರಿಗಳ ಕ್ಷೇತ್ರಸಂನ್ಯಾಸ

ಅರ್ಥವಾಗದ ಮಾತಿಗೆ ಅರ್ಥವಾದವರಂತೆ ತಲೆಯಾಡಿಸುವುದು ಅಪರಾಧವೆಂದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಬರೆದಿಲ್ಲ. ಬರೆದಿದ್ದರೆ ಸೆರೆಮನೆಗಳಲ್ಲಿ ಕಳ್ಳರಿಗೆ ಜಾಗ ಸಿಕ್ಕುತ್ತಿರಲಿಲ್ಲ; ಪುರಾಣ ಕೇಳುವವರು, ಭಾಷಣ ಕೇಳುವವರು, ಮದುವೆಯ ಮಂಟಪದಲ್ಲಿ ಕುಳಿತು ಮಂತ್ರಕ್ಕೆ ಕಣ್ಣುಮುಚ್ಚುವವರು ಮೊದಲೇ ಹೋಗಿ ತುಂಬಿಕೊಂಡುಬಿಡುತ್ತಿದ್ದರು. ಆದರೆ ಕಾನೂನು ಸುಮ್ಮನಿದ್ದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಅದಕ್ಕೆ ಶಿಕ್ಷೆ ಹೇಗೆ ಒದಗಿಬರುತ್ತದೆಂಬುದನ್ನು ಕಾಶಿಯ ಕೇದಾರಘಾಟಿನ ಕನ್ನಡಿಗರು ೧೯೭೩ನೆಯ ಇಸವಿಯ ಕಾರ್ತಿಕ ಮಾಸದಲ್ಲಿ ಹನ್ನೊಂದು ದಿನಗಳ ಕಾಲ ಕಣ್ಣಾರೆ ಕಂಡರು.

ಅಪರಾಧಿಯ ಹೆಸರು ಚಂದ್ರಶೇಖರಯ್ಯ. ವಯಸ್ಸು ಐವತ್ತಮೂರು. ಅರಕಲಗೂಡಿನ ಕಡೆಯವರು. ಗೋದೌಲಿಯಾದ ಬಳಿ ಸಂಸ್ಕೃತ ಗ್ರಂಥಗಳನ್ನು ಅಚ್ಚುಹಾಕುವ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಕಣ್ಣು ತಪ್ಪಿಸಿ ಒಂದು ವಿಸರ್ಗವೂ ಹೊರಗೆ ಹೋದದ್ದಿಲ್ಲ. ಅವರ ತಲೆಯೊಳಗೆ ಒಂದು ವಾಕ್ಯದ ಅರ್ಥವೂ ಹೊಕ್ಕದ್ದಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಅವರು ಅಕ್ಷರಗಳನ್ನು ನೋಡುತ್ತಿದ್ದರು. ಅನ್ನದ ರುಚಿ ಅವರ ಇಲಾಖೆಗೆ ಸೇರಿದ್ದಲ್ಲ. ಈ ಗುಟ್ಟು ಅವರಿಗೊಬ್ಬರಿಗೇ ಗೊತ್ತೆಂದು ಅವರು ನಂಬಿದ್ದರು. ಉಳಿದವರೆಲ್ಲ ಅವರನ್ನು ಶಾಸ್ತ್ರಿಗಳೆಂದೇ ಕರೆಯುತ್ತಿದ್ದರು. ಮೊದಲ ಸಲ ಹಾಗೆ ಕರೆದವರನ್ನು ಅವರು ತಡೆಯಲಿಲ್ಲ. ಅನರ್ಥಕ್ಕೆ ಅಲ್ಲಿಯೇ ಬಾಗಿಲು ತೆರೆಯಿತು.

ಆ ವರ್ಷದ ವೈಶಾಖದಲ್ಲಿ ಶಾಸ್ತ್ರಿಗಳು ಕೇದಾರಘಾಟಿನ ಹಿಂದಿನ ಗಲ್ಲಿಯ ಒಂದೇ ಕೋಣೆಯ ಬಿಡಾರವನ್ನು ಬಿಟ್ಟು, ಗಂಗೆಯಾಚೆಯ ರಾಮನಗರದಲ್ಲಿ ಮನೆ ಹಿಡಿದಿದ್ದರು. ಗಲ್ಲಿಯ ಮನೆಯಲ್ಲಿ ಹಗಲಿನಲ್ಲಿಯೂ ದೀಪ ಬೇಕಾಗಿತ್ತು; ಅವರ ಪತ್ನಿ ಅಂಬುಜಾಕ್ಷಮ್ಮನವರು ಇಪ್ಪತ್ತೆರಡು ವರ್ಷ ಒಣಹಾಕಿದ ಸಂಡಿಗೆಯಲ್ಲಿ ಮುಕ್ಕಾಲು ಪಾಲು ಕೇದಾರಘಾಟಿನ ಕೋತಿಗಳ ಪಾಲಾಗಿತ್ತು. ರಾಮನಗರದ ಮನೆಗೆ ಅಂಗಳವಿತ್ತು, ಬಾವಿಯಿತ್ತು, ಬೇವಿನ ಮರವಿತ್ತು. ಮದುವೆಯಾದ ಮೇಲೆ ಮೊದಲ ಬಾರಿಗೆ ಆಕೆ ಒಂದು ಇಡೀ ಮೊರದ ಸಂಡಿಗೆಯನ್ನು ಡಬ್ಬಕ್ಕೆ ತುಂಬಿದ್ದು ಅಲ್ಲಿಯೇ.

ಮೊಗಲ್‌ಸರಾಯಿಯ ರಸ್ತೆ ಹಿಡಿದು ಸೇತುವೆ ಸುತ್ತಿ ಬರುವುದಕ್ಕೆ ಅರ್ಧ ದಿನ ಬೇಕು. ಆದುದರಿಂದ ಶಾಸ್ತ್ರಿಗಳು ದಿನವೂ ಬೆಳಿಗ್ಗೆ ಕೋಟೆಯ ಬುಡದಲ್ಲಿ ಲಚ್ಛೂ ಎಂಬ ಅಂಬಿಗನ ದೋಣಿ ಹತ್ತಿ, ಹಾಲಿನವರ ಕ್ಯಾನುಗಳ ನಡುವೆ ಕುಳಿತು, ಅಸ್ಸಿ ಘಾಟಿನಲ್ಲಿ ಇಳಿಯುತ್ತಿದ್ದರು. ಸಂಜೆ ಅದೇ ದೋಣಿಯಲ್ಲಿ ಹಿಂದಿರುಗುತ್ತಿದ್ದರು. ದೋಣಿ ದಡ ಬಿಡುವ ಹೊತ್ತಿಗೆ ಅವರು ಹಿಂದಿನ ದಿನ ತಿದ್ದಿದ ಶ್ಲೋಕವೊಂದನ್ನು ಗಟ್ಟಿಯಾಗಿ ಹೇಳುವುದು ರೂಢಿಯಾಗಿತ್ತು. ಹಾಲಿನವರು ಕೈಮುಗಿಯುತ್ತಿದ್ದರು. "ಇದರ ಅರ್ಥ ಏನು ಪಂಡಿತ್‌ಜೀ?" ಎಂದು ಲಚ್ಛೂ ಕೇಳಿದರೆ, "ಬಹಳ ಗಂಭೀರವಾದದ್ದು" ಎಂದು ಶಾಸ್ತ್ರಿಗಳು ಕಣ್ಣುಮುಚ್ಚುತ್ತಿದ್ದರು. ಕಣ್ಣು ಮುಚ್ಚಿದವರನ್ನು ಎರಡನೆಯ ಪ್ರಶ್ನೆ ಕೇಳುವ ಧೈರ್ಯ ಯಾರಿಗುಂಟು?

ಕೇದಾರಘಾಟಿನವರಿಗೆ ಮಾತ್ರ ಈ ವಲಸೆ ಸೇರಲಿಲ್ಲ. ಕಾಶಿಯಲ್ಲಿ ಸತ್ತವನಿಗೆ ಮೋಕ್ಷ, ಎದುರು ದಡದಲ್ಲಿ ಸತ್ತವನಿಗೆ ಕತ್ತೆಯ ಜನ್ಮ ಎಂಬ ನಂಬಿಕೆಯಲ್ಲಿ ಅವರು ಬೆಳೆದವರು. ಸಾಯುವುದಕ್ಕೆಂದೇ ಊರು ಬಿಟ್ಟು ಬಂದು, ಹದಿನೆಂಟು ವರ್ಷಗಳಿಂದ ಆರೋಗ್ಯವಾಗಿದ್ದ ತಿರುಮಲಮ್ಮನವರು ಕಂಡಾಗಲೆಲ್ಲ ಚುಚ್ಚುತ್ತಿದ್ದರು.

"ಏನಪ್ಪಾ ಶಾಸ್ತ್ರಿ, ಆಚೇ ದಡದಲ್ಲಿ ಹುಲ್ಲು ಚೆನ್ನಾಗಿದೆಯಂತೆ?"

"ಗಾಳಿ ಚೆನ್ನಾಗಿದೆ ತಿರುಮಲಮ್ಮನೋರೆ. ನಾನು ಅಲ್ಲಿ ಬದುಕೋಕೆ ಹೋಗಿದ್ದೀನಿ. ಸಾಯೋಕೆ ಈಚೆಗೇ ಬರ್ತೀನಿ."

"ಯಮ ನಿನ್ನ ಲಚ್ಛೂ ದೋಣಿಗೆ ಕಾಯ್ತಾನೇನಪ್ಪ!"

ಹೀಗಿರುವಾಗ ಊರ ಕಡೆಯಿಂದ ಸ್ವಾಮಿಗಳೊಬ್ಬರು ಯಾತ್ರೆಗೆ ಬಂದರು. ಉತ್ಥಾನ ಏಕಾದಶಿಯ ದಿನ ಕನ್ನಡಿಗರ ಛತ್ರದಲ್ಲಿ ಸಮಾರಂಭ. ಅದರ ಆಹ್ವಾನಪತ್ರಿಕೆ ಸಂಸ್ಕೃತದಲ್ಲಿ ಅಚ್ಚಾಯಿತು. ಅದರ ಕರಡನ್ನು ತಿದ್ದಿದವರು ಶಾಸ್ತ್ರಿಗಳೇ. ಎರಡು ವಿಸರ್ಗ, ಒಂದು ಅನುಸ್ವಾರ ಬಿಟ್ಟುಹೋಗಿದ್ದುದನ್ನು ಹಿಡಿದು, ಕೆಂಪು ಶಾಯಿಯಲ್ಲಿ ಸಹಿ ಹಾಕಿ ಕಳುಹಿಸಿದ್ದರು. ಪತ್ರಿಕೆ ಏನು ಹೇಳುತ್ತದೆಂದು ವಿಚಾರಿಸುವುದು ಅವರ ಪದ್ಧತಿಯಲ್ಲ.

ಅಂದು ಅವರು ಛತ್ರಕ್ಕೆ ಹೋದಾಗ ವೇದಿಕೆಯ ಪಕ್ಕದಲ್ಲಿ ಹದಿನೈದು ಶಾಲುಗಳು ಮಡಿಸಿಟ್ಟಿದ್ದವು. ಕಂದು ಅಂಚಿನ, ದಪ್ಪ ನೂಲಿನ ಉಣ್ಣೆಯ ಶಾಲುಗಳು. ಕಾರ್ತಿಕದ ಬೆಳಗಿನಲ್ಲಿ ಗಂಗೆಯ ಮೇಲೆ ಬೀಸುವ ಗಾಳಿ ಶಾಸ್ತ್ರಿಗಳ ಹತ್ತಿಯ ಉತ್ತರೀಯವನ್ನು ಲೆಕ್ಕಿಸುತ್ತಿರಲಿಲ್ಲ. ಅವರು ಶಾಲುಗಳನ್ನು ನೋಡಿದರು. ಮುಂದಿನ ಸಾಲಿನಲ್ಲಿ ಹದಿನಾಲ್ಕು ಜನ ಕುಳಿತಿದ್ದುದನ್ನೂ ನೋಡಿದರು. ವಿದ್ವಾಂಸರಿಗೆ ಸನ್ಮಾನ ನಡೆಯುತ್ತಿದೆ, ತಮ್ಮನ್ನು ಕರೆಯುವುದು ಮರೆತಿದೆ, ಮರೆತವರಿಗೆ ನೆನಪಿಸುವುದೇ ದೊಡ್ಡವರ ಲಕ್ಷಣ ಎಂದು ತೀರ್ಮಾನಿಸಿ, ಹೋಗಿ ಹದಿನೈದನೆಯವರಾಗಿ ಕುಳಿತರು. ಸಾಲಿನಲ್ಲಿ ತಿರುಮಲಮ್ಮನವರೂ ಅವರ ಜೊತೆಗಾತಿ ಸತ್ಯಮ್ಮನವರೂ ಇದ್ದುದನ್ನು ಕಂಡು, ಸ್ವಾಮಿಗಳು ವಿದ್ವತ್ತಿನ ಅಳತೆಯನ್ನು ತುಸು ಸಡಿಲ ಮಾಡಿದ್ದಾರೆಂದುಕೊಂಡರೇ ಹೊರತು ಬೇರೆ ಸಂಶಯಪಡಲಿಲ್ಲ.

ಯಾತ್ರಿಕರ ಪುರೋಹಿತರಾದ ವಾಸುದೇವ ಭಟ್ಟರು ಪಂಚಪಾತ್ರೆ ಹಿಡಿದು ಸಾಲಿನುದ್ದಕ್ಕೂ ಬಂದರು. ಶಾಸ್ತ್ರಿಗಳನ್ನು ಕಂಡು ನಿಂತರು.

"ನೀವೂನಾ ಶಾಸ್ತ್ರಿಗಳೇ?"

"ಯಾಕೆ ಭಟ್ಟರೇ? ನಾನು ಯೋಗ್ಯನಲ್ವೇ?"

"ಛೆ, ಯೋಗ್ಯತೆ ಮಾತಲ್ಲ. ಇನ್ನೂ ಗೃಹಸ್ಥರು, ಕೆಲಸದಲ್ಲಿರೋರು. ಚೆನ್ನಾಗಿ ಯೋಚನೆ ಮಾಡಿದ್ದೀರಿ ತಾನೆ?"

"ಇಪ್ಪತ್ತೆರಡು ವರ್ಷದಿಂದ ಯೋಚನೆ ಮಾಡ್ತಾ ಇದ್ದೀನಿ. ನೀವೇ ಯಾರೂ ಕೇಳಲಿಲ್ಲ."

"ಮನೆಯೋರ ಒಪ್ಪಿಗೆ ಇದೆಯಾ?"

"ಅವಳಿಗೆ ನನಗಿಂತ ಹೆಚ್ಚು ಸಂತೋಷ."

ಭಟ್ಟರ ಕಣ್ಣು ತೇವವಾಯಿತು. ಅಂಗೈಗೆ ಗಂಗೋದಕ, ಅಕ್ಷತೆ ಹಾಕಿ ಸಂಕಲ್ಪ ಹೇಳಿಕೊಡಲಾರಂಭಿಸಿದರು. ಉಳಿದ ಹದಿನಾಲ್ಕು ಮಂದಿ ಗದ್ಗದಿತರಾಗಿ, ಅರ್ಧ ನುಂಗಿ ಅರ್ಧ ಉಚ್ಚರಿಸಿದರು. ಶಾಸ್ತ್ರಿಗಳೊಬ್ಬರೇ ಒಂದು ವಿಸರ್ಗವೂ ಜಾರದಂತೆ, ಗಂಟೆ ಹೊಡೆದ ಹಾಗೆ ಹೇಳಿದರು. ಅವರ ದೃಷ್ಟಿಯೆಲ್ಲ ಶಾಲಿನ ಮೇಲಿತ್ತು. ಸ್ವಾಮಿಗಳು ಸ್ವತಃ ಎದ್ದು ಬಂದು ಅವರಿಗೆ ಹೊದಿಸಿ, "ಈ ವಯಸ್ಸಿಗೇ ಇಂಥ ಮನಸ್ಸು!" ಎಂದರು. ತಿರುಮಲಮ್ಮನವರು ಎಲ್ಲರೆದುರಿಗೆ ಶಾಸ್ತ್ರಿಗಳ ಕಾಲಿಗೆ ನಮಸ್ಕಾರ ಮಾಡಿದರು.

"ಕತ್ತೆ ಅಂದಿದ್ದೆ. ಕ್ಷಮಿಸಿಬಿಡಿ ಸ್ವಾಮೀ."

"ಪರವಾಗಿಲ್ಲಮ್ಮ. ದೊಡ್ಡವರು ಅಂದದ್ದೇ ಆಶೀರ್ವಾದ" ಎಂದರು ಶಾಸ್ತ್ರಿಗಳು, ಶಾಲನ್ನು ಸರಿಪಡಿಸಿಕೊಳ್ಳುತ್ತ.

ಸಂಜೆ ಅವರು ಅಸ್ಸಿಗೆ ಹೊರಟಾಗ ಸತ್ಯಮ್ಮ, ತಿರುಮಲಮ್ಮ ಮೊದಲಾಗಿ ಎಂಟು ಹತ್ತು ಮಂದಿ ಹಿಂದೆಯೇ ನಡೆದರು. ಸನ್ಮಾನಿತರನ್ನು ದೋಣಿಯವರೆಗೆ ಕಳುಹಿಸಿಕೊಡುವುದು ಮರ್ಯಾದೆಯೆಂದು ಶಾಸ್ತ್ರಿಗಳು ಭಾವಿಸಿದರು. ಹರಿಶ್ಚಂದ್ರ ಘಾಟಿನ ಹೊಗೆ ದಾಟಿ, ಬಿದಿರುಗಳ ತುದಿಗೆ ಆಕಾಶದೀಪ ಏರಿಸುತ್ತಿದ್ದವರ ನಡುವೆ ಹಾದು, ಅಸ್ಸಿ ತಲುಪಿ, ಪಂಚೆ ಎತ್ತಿ ಒಂದು ಕಾಲನ್ನು ಲಚ್ಛೂವಿನ ದೋಣಿಯೊಳಗಿಟ್ಟರು.

"ಅಯ್ಯಯ್ಯೋ! ಎಲ್ಲಿಗೆ ಹೊರಟ್ರಿ?" ಎಂದು ತಿರುಮಲಮ್ಮ ಕಿರುಚಿದರು.

"ಮನೆಗೆ. ಕತ್ತಲಾಗತ್ತಲ್ಲ."

"ಮನೇಗೆ! ಬೆಳಿಗ್ಗೆ ತಾನೆ ಕೈಲಿ ಗಂಗೆ ಹಿಡಕೊಂಡು, ಪ್ರಾಣ ಇರೋ ತನಕ ಕಾಶಿ ಗಡಿ ದಾಟಲ್ಲ ಅಂತ ಕ್ಷೇತ್ರಸಂನ್ಯಾಸದ ಸಂಕಲ್ಪ ಮಾಡಿದ್ರಿ! ನಮ್ಮೆಲ್ಲರಿಗಿಂತ ಜೋರಾಗಿ ಮಾಡಿದ್ರಿ!"

ಶಾಸ್ತ್ರಿಗಳ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ದೋಣಿಯಲ್ಲಿ. ದೋಣಿ ಮೆಲ್ಲಗೆ ದಡದಿಂದ ದೂರ ಸರಿಯುತ್ತಿತ್ತು.

"ಮಾಡಿದ್ನಾ?"

"ಮಾಡಿದ್ನಾ ಅಂತೀರಲ್ಲ! ಅರ್ಥ ತಿಳಿದೋರು ನೀವೊಬ್ಬರೇ ಅಂತ ಸ್ವಾಮಿಗಳೇ ಅಂದ್ರಲ್ಲ!"

ಆ ಕ್ಷಣದಲ್ಲಿ 'ನನಗೆ ಅರ್ಥವಾಗಲಿಲ್ಲ' ಎಂಬ ಎರಡು ಪದಗಳನ್ನು ಆಡಿದ್ದರೆ ಅವರು ಅರ್ಧ ಗಂಟೆಯಲ್ಲಿ ಮನೆ ಸೇರಿ, ಬಿಸಿ ಅನ್ನ ಉಣ್ಣಬಹುದಾಗಿತ್ತು. ಕಾಲುಗಳು ಅಗಲವಾಗುತ್ತಿದ್ದವು. ಸುತ್ತಲೂ ಹತ್ತು ಮುಖಗಳು ಭಕ್ತಿಯಿಂದ ನೋಡುತ್ತಿದ್ದವು. ಶಾಸ್ತ್ರಿಗಳು ಅನ್ನವನ್ನು ಬಿಟ್ಟು ಭಕ್ತಿಯನ್ನು ಆರಿಸಿಕೊಂಡರು.

"ಮಾಡಿದ್ದೀನಿ, ಮಾಡದೆ ಏನು!" ಎಂದು ದೋಣಿಯ ಕಾಲನ್ನು ಹೇಗೋ ಹಿಂದಕ್ಕೆ ಎಳೆದುಕೊಂಡರು. "ಇಷ್ಟು ದಿನ ನನ್ನನ್ನ ದಾಟಿಸಿದ ದೋಣಿ. ಹಾಗೇ ಬಿಟ್ಟು ಹೋಗಬಾರದು ಅಂತ ಒಂದು ಸಲ ಕಾಲಿಟ್ಟು ಬೀಳ್ಕೊಂಡೆ."

"ದೋಣಿಗೂ ಕೃತಜ್ಞತೆ!" ಎಂದು ಸತ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ವಿಷಯ ತಿಳಿದ ಲಚ್ಛೂ ಹುಟ್ಟನ್ನು ಕೆಳಗಿಟ್ಟು ಕಿವಿ ಹಿಡಿದುಕೊಂಡ. "ಹಾಗಾದರೆ ಇನ್ನು ನಾನು ನಿಮ್ಮನ್ನು ಹತ್ತಿಸಿಕೊಳ್ಳೋದಿಲ್ಲ ಪಂಡಿತ್‌ಜೀ. ಆ ಪಾಪ ನನ್ನ ದೋಣಿಗೆ ಬೇಡ. ಮನೇಲಿ ಪಂಡಿತಾಯಿನ್‌ಗೆ ಏನು ಹೇಳಲಿ?"

"ಹೇಳು… ಊಟಕ್ಕೆ ಕಾಯೋದು ಬೇಡ ಅಂತ ಹೇಳು."

ಅಂದು ಶಾಸ್ತ್ರಿಗಳು ಛತ್ರದ ಜಗಲಿಯ ಮೇಲೆ ಶಾಲು ಹೊದ್ದು ಮಲಗಿದರು. ಬೆಳಿಗ್ಗೆ ಮುದ್ರಣಾಲಯಕ್ಕೂ ಹೋಗದೆ ಅಸ್ಸಿಗೆ ಓಡಿದರು. ಲಚ್ಛೂ ಹಾಲಿನವರನ್ನು ಇಳಿಸಿ, ಬೀಡಿ ಹಚ್ಚಿ, ತನ್ನ ಭಾಷೆಯಲ್ಲಿ ವರದಿ ಒಪ್ಪಿಸಿದ.

"ಪಂಡಿತ್‌ಜೀ ಬಾಬಾ ಆಗಿಬಿಟ್ಟರು, ಇನ್ನು ಬರೋದಿಲ್ಲ ಅಂದೆ. ಪಕ್ಕದ ಮನೆ ತಾರಾದೇವಿ ಎದೆ ಬಡಿದುಕೊಂಡು ಅತ್ತಳು. ಬೀದಿಯೆಲ್ಲ ಸೇರಿತು. ನಾಲ್ಕು ಹೆಂಗಸರು ಪಂಡಿತಾಯಿನ್‌ನ ಹಿಡಿದುಕೊಳ್ಳೋಕೆ ಬಂದರು, ಬಿದ್ದುಬಿಡ್ತಾಳೆ ಅಂತ."

"ಬಿದ್ದಳೇ?"

"ಇಲ್ಲ. ಹಿಟ್ಟು ರುಬ್ಬುತ್ತಾ ಇದ್ದಳು. ರುಬ್ಬಿ ಮುಗಿಸಿ ಕೈ ತೊಳೆದುಕೊಂಡು, 'ಟ್ರಂಕಿನ ಬೀಗದ ಕೈ ಅವರ ಜನಿವಾರದಲ್ಲಿದೆ, ಇಸಕೊಂಡು ಬಾ' ಅಂದಳು."

"ಅಷ್ಟೇನಾ?"

"ಅಷ್ಟೇ. ಕೊಡಿ."

ಶಾಸ್ತ್ರಿಗಳು ಜನಿವಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. ಹೆಂಡತಿ ಅತ್ತಿದ್ದರೆ ಸಮಾಧಾನ ಹೇಳುವ ಸಂದೇಶವೊಂದನ್ನು ಅವರು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡು ಬಂದಿದ್ದರು. ಅದನ್ನು ಉಪಯೋಗಿಸುವ ಅವಕಾಶವೇ ದೊರೆಯಲಿಲ್ಲ.

ನಂತರದ ದಿನಗಳಲ್ಲಿ ಈ ದಡದಲ್ಲಿ ಅವರ ಕೀರ್ತಿ ಬೆಳೆಯಿತು, ಹೊಟ್ಟೆ ಒಳಗೆ ಹೋಯಿತು. ಕ್ಷೇತ್ರಸಂನ್ಯಾಸಿಗೆ ಒಪ್ಪೊತ್ತೆಂದು ತಿರುಮಲಮ್ಮ ನಿರ್ಧರಿಸಿದರು. ಉಪ್ಪಿಲ್ಲದ ಹೆಸರುಬೇಳೆಯನ್ನು ಸತ್ಯಮ್ಮ ಬೇಯಿಸಿ ತಂದರು. ಕಾಫಿಯ ಮಾತೆತ್ತಿದಾಗ ಇಬ್ಬರೂ "ಪರೀಕ್ಷೆ ಮಾಡ್ತಿದ್ದಾರೆ ನೋಡು" ಎಂದು ನಕ್ಕರು. ಊರಿನಿಂದ ಬಂದ ಯಾತ್ರಿಕರನ್ನು ಭಟ್ಟರು ವಿಶ್ವನಾಥನ ದರ್ಶನವಾದ ಮೇಲೆ ಶಾಸ್ತ್ರಿಗಳ ದರ್ಶನಕ್ಕೂ ಕರೆತರುತ್ತಿದ್ದರು. ತುಮಕೂರಿನ ಒಬ್ಬ ಗೃಹಸ್ಥರು ತಮ್ಮ ಹೆಂಡತಿಗೆ ಕೈತೋರಿಸಿ, "ನೋಡು, ಸಂಸಾರ ಬಿಡೋದು ಅಂದರೆ ಹೀಗೆ" ಎಂದರು. ಅವರ ಹೆಂಡತಿ ಶಾಸ್ತ್ರಿಗಳನ್ನು ನೋಡಿದ ನೋಟದಲ್ಲಿ ಭಕ್ತಿಯಿರಲಿಲ್ಲ.

ಮೂರನೆಯ ದಿನ ರಾಮನಗರದಿಂದ ರೇಷನ್ನಿನ ಸಮಸ್ಯೆ ಬಂದಿತು.

"ಕುಟುಂಬದ ಯಜಮಾನ ಬಾಬಾ ಆಗಿದ್ದರೆ ಸಕ್ಕರೆ, ಸೀಮೆಎಣ್ಣೆ ಒಬ್ಬರಿಗೆ ಮಾತ್ರ ಅಂತ ಇನ್‌ಸ್ಪೆಕ್ಟರ್ ಸಾಹೇಬರು ಕಾರ್ಡು ಹಿಡಕೊಂಡಿದ್ದಾರೆ" ಎಂದ ಲಚ್ಛೂ. "ಬಾಬಾ ಆಗಿದ್ದೀರೋ ಇಲ್ಲವೋ ಒಂದು ಚೀಟಿ ಬರೆದು ಕೊಡಬೇಕಂತೆ."

ಶಾಸ್ತ್ರಿಗಳು ಘಾಟಿನ ಮೆಟ್ಟಿಲ ಮೇಲೆ ಕುಳಿತು ಹಿಂದಿಯಲ್ಲಿ ಚೀಟಿ ಬರೆದರು: 'ನಾನು ಆಗಿದ್ದರೂ ಆಗಿಲ್ಲದವನಂತೆಯೂ, ಆಗಿಲ್ಲದಿದ್ದರೂ ಆದವನಂತೆಯೂ ಪರಿಗಣಿಸಲ್ಪಡಬೇಕಾಗಿ ಪ್ರಾರ್ಥನೆ.' ಮರುದಿನ ಇನ್‌ಸ್ಪೆಕ್ಟರರು ಚೀಟಿಯನ್ನು ಹಿಂದಕ್ಕೆ ಕಳುಹಿಸಿದರು. ಅದರ ಬೆನ್ನ ಮೇಲೆ, 'ಬರೆದವರು ನಿಸ್ಸಂದೇಹವಾಗಿ ಬಾಬಾ. ಒಬ್ಬರಿಗೇ ಸಕ್ಕರೆ' ಎಂದು ಆದೇಶ ಬರೆದಿತ್ತು.

"ಪಂಡಿತಾಯಿನ್ ಏನಂದಳು?"

"ಓದಿಸಿಕೊಂಡು ಕೇಳಿದಳು. ನಕ್ಕಳು."

"ನಕ್ಕಳೇ!"

"ಒಂದು ಸಲ. ಆಮೇಲೆ, 'ಅಂಗಳ ಇರೋ ಮನೆ ಹುಡುಕಿ ಕೊಟ್ಟವರೂ ಅವರೇ, ಅದರಲ್ಲಿ ನನ್ನೊಬ್ಬಳನ್ನೇ ಕೂರಿಸಿದವರೂ ಅವರೇ. ಬರೋ ಮನಸ್ಸಿದ್ದರೆ ದಾರಿ ಅವರಿಗೆ ಗೊತ್ತು' ಅಂದಳು. ಅದಾದ ಮೇಲೆ ಮಾತಾಡಲಿಲ್ಲ."

ಈ ಕೊನೆಯ ವಾಕ್ಯ ಶಾಸ್ತ್ರಿಗಳನ್ನು ಉಪ್ಪಿಲ್ಲದ ಬೇಳೆಗಿಂತ ಹೆಚ್ಚು ಬಾಧಿಸಿತು. ಅಂಬುಜಾಕ್ಷಮ್ಮನವರು ಬೈದರೆ ಅವರು ಬದುಕಬಲ್ಲವರಾಗಿದ್ದರು. ಸುಮ್ಮನಾದರೆ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ಅಂದೇ ಅವರು ವಾಸುದೇವ ಭಟ್ಟರನ್ನು ಏಕಾಂತದಲ್ಲಿ ಹಿಡಿದರು.

"ಭಟ್ಟರೇ, ಒಬ್ಬ ಗೃಹಸ್ಥ ಇದ್ದಾನೆ ಅಂತ ಇಟ್ಟುಕೊಳ್ಳಿ. ನನ್ನ ಸ್ನೇಹಿತ. ಅವನು ಒಂದು ಸಂಕಲ್ಪ ಮಾಡಿಬಿಟ್ಟ. ಈಗ ಬಿಡಬೇಕು ಅಂತಾನೆ."

"ತಿಳಿದು ಮಾಡಿದನೋ, ತಿಳಿಯದೆ ಮಾಡಿದನೋ?"

"ಎರಡಕ್ಕೂ ವ್ಯತ್ಯಾಸ ಉಂಟೇ?"

"ಉಂಟಲ್ಲ! ತಿಳಿದು ಮಾಡಿದ್ದರೆ ಬಿಡೋ ಹಾಗಿಲ್ಲ. ತಿಳಿಯದೆ ಮಾಡಿದ್ದರೆ ಅದು ಸಂಕಲ್ಪವೇ ಅಲ್ಲ, ಬರೀ ಬಾಯಿಪಾಠ. ಯಾರೆದುರಿಗೆ ಮಾಡಿದನೋ ಅವರೆದುರಿಗೆ, 'ನನಗೆ ಅರ್ಥ ಗೊತ್ತಿರಲಿಲ್ಲ' ಅಂತ ಒಂದು ಮಾತು ಹೇಳಿದರೆ ಮುಗೀತು."

"ಎದುರಿಗೇ ಹೇಳಬೇಕೇ? ನಿಮ್ಮ ಕಿವೀಲಿ ಹೇಳಿದರೆ ಆಗದೇ?"

"ಸಂಕಲ್ಪ ಕಿವೀಲಿ ಮಾಡಿದನೇನು?" ಎಂದು ಭಟ್ಟರು ಅವರ ಮುಖವನ್ನೇ ನೋಡಿದರು. "ಅಷ್ಟು ಸುಲಭ ಇರೋವಾಗ ನಿಮ್ಮ ಸ್ನೇಹಿತರಿಗೆ ಕಷ್ಟ ಏನು?"

"ಅವನು ಸ್ವಲ್ಪ ಪಂಡಿತ" ಎಂದರು ಶಾಸ್ತ್ರಿಗಳು.

ಔಷಧ ಕೈಯಲ್ಲಿದ್ದರೂ ಅದು ಕಹಿಯೆಂದು ಬೇರೆ ವೈದ್ಯನನ್ನು ಹುಡುಕುವವರ ಸಂಖ್ಯೆ ಲೋಕದಲ್ಲಿ ದೊಡ್ಡದು. ಶಾಸ್ತ್ರಿಗಳು ಕಾಶಿಯ ಗಡಿಯ ಮೇಲೆ ಕೈಯಿಟ್ಟರು. ಗಂಗೆಯಿರುವವರೆಗೆ ಕಾಶಿಯೇ ಅಲ್ಲವೇ ಎಂಬ ಪ್ರಶ್ನೆಯನ್ನು ಛತ್ರದ ಜಗಲಿಯಲ್ಲಿ ತೇಲಿಬಿಟ್ಟರು. ಅದು ಎರಡು ದಿನ ಕೇದಾರಘಾಟನ್ನೇ ಇಬ್ಭಾಗ ಮಾಡಿತು. ನೀರಿನ ಕೊನೆಯವರೆಗೂ ಕಾಶಿಯೆಂದು ಒಂದು ಪಕ್ಷ. ಮೆಟ್ಟಿಲು ಮುಗಿದಲ್ಲಿಗೆ ಕಾಶಿ ಮುಗಿಯಿತೆಂದು ಇನ್ನೊಂದು ಪಕ್ಷ. "ಹಾಗಾದರೆ ದಿನಾ ಬೆಳಿಗ್ಗೆ ಸ್ನಾನಕ್ಕೆ ಇಳಿದಾಗೆಲ್ಲ ನನ್ನ ವ್ರತ ಕೆಟ್ಟಿದೆಯೇನ್ರೋ?" ಎಂದು ತಿರುಮಲಮ್ಮ ದೊಣ್ಣೆ ಎತ್ತಿದ ಮೇಲೆ ಎರಡನೆಯ ಪಕ್ಷ ಕರಗಿತು. ನದಿಯ ನಡುವಿನವರೆಗೆ ಕಾಶಿ, ಅಲ್ಲಿಂದಾಚೆಗೆ ಅಲ್ಲ ಎಂದು ಭಟ್ಟರು ತೀರ್ಪು ಕೊಟ್ಟರು. ಮನೆಗೆ ಹೋಗಲು ಅದರಿಂದ ಅರ್ಧ ದಾರಿ ಮಾತ್ರ ಸಿಕ್ಕಿತು. ಅರ್ಧವಾದರೂ ಸಿಕ್ಕಿತಲ್ಲ ಎಂದು ಶಾಸ್ತ್ರಿಗಳು ಲಚ್ಛೂವಿನ ಕೈಯಲ್ಲಿ ಹೇಳಿಕಳುಹಿಸಿದರು: ಭಾನುವಾರ ಬೆಳಿಗ್ಗೆ ನದಿಯ ನಡುವೆ ಭೇಟಿ, ಸ್ವಲ್ಪ ಉಪ್ಪಿನಕಾಯಿ ತರುವುದು.

"ಬರ್ತೀನಿ ಅಂತ ಹೇಳು" ಎಂದು ಮಾತ್ರ ಉತ್ತರ ಬಂದಿತು.

ಭೇಟಿಯನ್ನು ಗುಟ್ಟಾಗಿಡಬೇಕೆಂದು ಶಾಸ್ತ್ರಿಗಳು ಬಯಸಿದ್ದರು. ಸಂನ್ಯಾಸಿಯೊಬ್ಬನು ಪೂರ್ವಾಶ್ರಮದ ಹೆಂಡತಿಯನ್ನು ಗಂಗೆಯ ನಡುವೆ ಭೇಟಿಯಾಗುವ ದೃಶ್ಯವನ್ನು ಕೇದಾರಘಾಟು ಬಿಟ್ಟುಕೊಡುವುದುಂಟೇ? ಹನ್ನೊಂದನೆಯ ದಿನ ಅವರ ದೋಣಿಯಲ್ಲಿ ಭಟ್ಟರೂ ತಿರುಮಲಮ್ಮನವರೂ ಕುಳಿತಿದ್ದರು. ಸತ್ಯಮ್ಮನವರ ಮುಂದಾಳತ್ವದಲ್ಲಿ ಇನ್ನೆರಡು ದೋಣಿಗಳು ಹಿಂದೆಯೇ ಬಂದವು. ಎದುರಿನಿಂದ ಲಚ್ಛೂವಿನ ದೋಣಿ ಬಂದಿತು. ಅದು ಅಂಚಿನವರೆಗೂ ನೀರಿನಲ್ಲಿ ಮುಳುಗಿ, ಬಹಳ ನಿಧಾನವಾಗಿ ಬಂದಿತು. ಮುಂದಿನ ಹಲಗೆಯ ಮೇಲೆ ಅಂಬುಜಾಕ್ಷಮ್ಮನವರು ನೆಟ್ಟಗೆ ಕುಳಿತಿದ್ದರು. ಅವರ ಹಿಂದೆ ತಾಡಪಾಲು ಮುಚ್ಚಿದ ದೊಡ್ಡ ರಾಶಿ. ಅಂಬಿಗರು ಎರಡು ದೋಣಿಗಳನ್ನೂ ಹಗ್ಗದಿಂದ ಕಟ್ಟಿ ಹಿಡಿದರು.

"ಚೆನ್ನಾಗಿದ್ದೀಯಾ?" ಎಂದರು ಶಾಸ್ತ್ರಿಗಳು.

"ಇದ್ದೀನಿ. ಇಳಿದುಹೋಗಿದ್ದೀರಿ."

"ಉಪ್ಪಿನಕಾಯಿ ತಂದೆಯಾ?"

"ಎಲ್ಲಾ ತಂದಿದ್ದೀನಿ" ಎಂದು ಆಕೆ ತಾಡಪಾಲನ್ನು ಎಳೆದರು. ಟ್ರಂಕು, ಹಾಸಿಗೆ ಸುರುಳಿ, ತಾಮ್ರದ ಹಂಡೆ, ಸಂಡಿಗೆ ಡಬ್ಬಗಳು, ದೇವರ ಪೆಟ್ಟಿಗೆ, ಎಲ್ಲಕ್ಕೂ ಕೆಳಗೆ ಗುಂಡುಸಹಿತ ಒರಳುಕಲ್ಲು. "ಮೂರೂವರೆಗೆ ಕ್ಯಾಂಟ್ ಸ್ಟೇಷನ್ನಿನಿಂದ ರೈಲಿದೆ. ತಮ್ಮನಿಗೆ ತಂತಿ ಕೊಡಿಸಿದ್ದೀನಿ. ನಾನು ಊರಿಗೆ ಹೊರಟೆ."

"ಒರಳುಕಲ್ಲು ತಗೊಂಡು?"

"ತವರಿನಿಂದ ಬಂದದ್ದು. ತವರಿಗೇ ಹೋಗತ್ತೆ."

ಶಾಸ್ತ್ರಿಗಳು ಬಾಯಿ ತೆರೆದರು. ಇಪ್ಪತ್ತೆರಡು ವರ್ಷಗಳ ಅಭ್ಯಾಸ ಎಂಥದು ನೋಡಿ: ಹೊರಟದ್ದು ಒಂದು ಶ್ಲೋಕ. ವಿಸರ್ಗ ಒಂದೂ ತಪ್ಪಲಿಲ್ಲ. ಸತ್ಯಮ್ಮ ಕೈಮುಗಿದರು.

"ಅರ್ಥ ಹೇಳಿ" ಎಂದರು ಅಂಬುಜಾಕ್ಷಮ್ಮ.

"ಬಹಳ ಗಂಭೀರ—"

"ಅದು ನನಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು. ಅರ್ಥ ಹೇಳಿ. ಹೇಳಿದರೆ ನೀವು ತಿಳಿದೋರು, ಆವತ್ತು ತಿಳಿದೇ ನನ್ನ ಬಿಟ್ಟಿರಿ ಅಂತ ಆಯ್ತು. ನಾನು ಕಾಶಿ ದಡಕ್ಕೆ ಹೋಗಿ ರೈಲು ಹತ್ತುತೀನಿ. ತಿಳಿಯದೆ ಮಾಡಿದ್ದಾದರೆ ಈಗಲೇ ಹೇಳಿ. ನನಗೆ ಮೊದಲನೇ ದಿನವೇ ಗೊತ್ತಿತ್ತು. ನೀವಾಗಿ ಹೇಳ್ತೀರೇನೋ ಅಂತ ಹತ್ತು ದಿನ ಕಾದೆ."

ಶಾಸ್ತ್ರಿಗಳು ಹಿಂದಕ್ಕೆ ತಿರುಗಿ ನೋಡಿದರು. ಇಡೀ ಕಾಶಿಯಲ್ಲಿ ಅವರನ್ನು ವಿದ್ವಾಂಸರೆಂದು ನಂಬಿದ್ದವರೆಲ್ಲರೂ ಮೂರು ದೋಣಿಗಳಲ್ಲಿ ಕುಳಿತಿದ್ದರು. ಮುಂದಕ್ಕೆ ತಿರುಗಿ ನೋಡಿದರು. ಅವರ ಮನೆಯೆಂಬುದು ಒಂದು ದೋಣಿಯಲ್ಲಿ ಕುಳಿತಿತ್ತು. ಗಂಗೆ ಎಲ್ಲರನ್ನೂ ಕಟ್ಟಿಕೊಂಡು ಮೆಲ್ಲಗೆ ಕೆಳಕ್ಕೆ ಒಯ್ಯುತ್ತಿದ್ದಳು.

"ಗೊತ್ತಿಲ್ಲ" ಎಂದರು.

"ಏನು?" ಎಂದರು ಕಿವಿ ಮಂದವಾಗಿದ್ದ ತಿರುಮಲಮ್ಮ.

"ಗೊತ್ತಿಲ್ಲ! ಈ ಶ್ಲೋಕದ ಅರ್ಥ ಗೊತ್ತಿಲ್ಲ. ಯಾವ ಶ್ಲೋಕದ್ದೂ ಗೊತ್ತಿಲ್ಲ. ಆವತ್ತು ಏನು ಹೇಳಿದೆ ಅಂತಲೂ ಗೊತ್ತಿರಲಿಲ್ಲ. ಶಾಲು ಹೊದಿಸ್ತಾರೆ ಅಂತ ಕೂತೆ. ಅಷ್ಟೇ ಭಟ್ಟರೇ. ಸ್ನೇಹಿತ ಗೀಹಿತ ಯಾರೂ ಇಲ್ಲ."

ಆ ಮಾತಿನ ಒಂದೊಂದು ಪದದ ಅರ್ಥವೂ ಅವರಿಗೆ ಸಂಪೂರ್ಣವಾಗಿ ತಿಳಿದಿತ್ತು. ಅವರ ಬಾಯಿಂದ ಅಂಥ ವಾಕ್ಯ ಹೊರಟು ಎಷ್ಟೋ ವರ್ಷಗಳಾಗಿದ್ದವು.

ಭಟ್ಟರು ಗಂಟಲು ಸರಿಪಡಿಸಿಕೊಂಡು, "ಹಾಗಾದರೆ ಸಂಕಲ್ಪ ಆಗಲೇ ಇಲ್ಲ. ಶಾಸ್ತ್ರಿ… ಚಂದ್ರಶೇಖರಯ್ಯನವರು ಮನೆಗೆ ಹೋಗಬಹುದು" ಎಂದು ಘೋಷಿಸಿದರು.

"ಅದೆಲ್ಲ ಸರಿ," ಎಂದು ತಿರುಮಲಮ್ಮ ಕೆಂಡವಾದರು, "ಎಪ್ಪತ್ತೈದು ವರ್ಷದವಳು ಇವನ ಕಾಲಿಗೆ ಬಿದ್ದೆನಲ್ಲ, ಅದನ್ನ ಯಾರು ವಾಪಸ್ ಕೊಡ್ತಾರೆ? ತೆಗಿಯಪ್ಪ ಶಾಲು ಮೊದಲು!"

ಚಂದ್ರಶೇಖರಯ್ಯನವರು ಶಾಲು ತೆಗೆದುಕೊಟ್ಟು, ಅಲ್ಲಿಯೇ ಹಲಗೆಗಳ ನಡುವೆ ಉದ್ದಕ್ಕೆ ಬಿದ್ದು ಆಕೆಗೆ ಸಾಷ್ಟಾಂಗ ನಮಸ್ಕಾರ ಮಾಡಿದರು. ದೋಣಿ ಒಂದು ಪಕ್ಕಕ್ಕೆ ವಾಲಿತು. ಭಟ್ಟರು ಪಂಚಪಾತ್ರೆಯನ್ನೂ ತಿರುಮಲಮ್ಮ ಭಟ್ಟರನ್ನೂ ಹಿಡಿದುಕೊಂಡರು. "ಸಾಕು, ಸಾಕು, ಎದ್ದೇಳೋ! ಮೋಕ್ಷ ಇವತ್ತೇ ಕೊಡಿಸಬೇಡ!" ಎಂಬ ಆಕೆಯ ಕೂಗಿಗೆ ಸತ್ಯಮ್ಮನವರ ದೋಣಿಯಲ್ಲಿ ಮೊದಲ ನಗು ಸಿಡಿಯಿತು, ಆಮೇಲೆ ಅದು ಯಾವ ದೋಣಿಯಲ್ಲಿಯೂ ನಿಲ್ಲಲಿಲ್ಲ.

ಚಂದ್ರಶೇಖರಯ್ಯನವರು ನಡುಗುತ್ತ ಈ ದೋಣಿಯಿಂದ ಆ ದೋಣಿಗೆ ದಾಟಿ, ಹಂಡೆಯ ಪಕ್ಕದಲ್ಲಿ ಸಿಕ್ಕ ಗೇಣು ಜಾಗದಲ್ಲಿ ಕುಳಿತರು. ಲಚ್ಛೂ ಹಗ್ಗ ಬಿಚ್ಚಿ, ರಾಶಿಯನ್ನೂ ಪಂಡಿತಾಯಿನ್‌ಳನ್ನೂ ನೋಡಿದ.

"ಹಾಗಾದರೆ ಸ್ಟೇಷನ್ ಇಲ್ಲವಾ? ಇದಿಷ್ಟನ್ನೂ ಮತ್ತೆ ಮೇಲಕ್ಕೆ ಹೊರಬೇಕಾ? ನನ್ನ ಕೈಲಾಗೋದಿಲ್ಲ ಪಂಡಿತಾಯಿನ್, ಇಳಿಸೋವಾಗಲೇ ಸೊಂಟ ಹಿಡಿದಿದೆ."

"ನೀನು ಯಾಕೆ ಹೊರಬೇಕು? ಹೊರೋರು ಬಂದಿದ್ದಾರೆ" ಎಂದರು ಅಂಬುಜಾಕ್ಷಮ್ಮ.

ರಾಮನಗರದ ಕೋಟೆಯ ಬುಡದಿಂದ ಬೀದಿಗೆ ಏರಲು ಕಡಿದಾದ ಮೆಟ್ಟಿಲುಗಳಿವೆ. ಬೀದಿಯವರೆಲ್ಲ ಮೇಲಿನ ಮೆಟ್ಟಿಲುಗಳಲ್ಲಿ ಸಾಲಾಗಿ ಸೇರಿದ್ದರು. ರೇಷನ್ ಇನ್‌ಸ್ಪೆಕ್ಟರರೂ ಸೈಕಲ್ಲು ನಿಲ್ಲಿಸಿಕೊಂಡು ನೋಡುತ್ತಿದ್ದರು. ಚಂದ್ರಶೇಖರಯ್ಯನವರು ಒರಳುಕಲ್ಲನ್ನು ಹೊಟ್ಟೆಗೆ ಅವುಚಿಕೊಂಡು, ಒಂದೊಂದೇ ಮೆಟ್ಟಿಲು ಹತ್ತುತ್ತ, ಪ್ರತಿ ಮೂರನೆಯ ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಡುತ್ತ ಬಂದರು. ಹಿಂದೆ ಸಂಡಿಗೆ ಡಬ್ಬ ಹಿಡಿದು ಅಂಬುಜಾಕ್ಷಮ್ಮನವರು ನಿಧಾನವಾಗಿ ಬರುತ್ತಿದ್ದರು.

ತಾರಾದೇವಿ ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಅರೇ ಪಂಡಿತಾಯಿನ್! ಇವರು ಬಾಬಾ ಆಗಿಹೋಗಿದ್ದರಲ್ಲ?" ಎಂದು ಕೇಳಿದಳು.

ಚಂದ್ರಶೇಖರಯ್ಯನವರು ಏನೋ ಹೇಳಲು ನಿಂತರು. ಅಂಬುಜಾಕ್ಷಮ್ಮನವರು ಡಬ್ಬದ ಅಂಚಿನಿಂದ ಅವರ ಬೆನ್ನನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು.

"ಆಗಿದ್ದರು" ಎಂದರು ತಮಗೆ ತಿಳಿದ ಹಿಂದಿಯಲ್ಲಿ. "ಅಲ್ಲಿ ರುಬ್ಬೋಕೆ ಏನೂ ಇರಲಿಲ್ಲವಂತೆ. ದಾರಿ ಬಿಡಿ, ಹಿಟ್ಟಿಗೆ ಹೊತ್ತಾಯಿತು."